ತಾಟೆಯ ಹೊಟ್ಟೆ ಸೀಳಿಸಿದ ಗುಲಾಬಿ

ಹೂಂ ಅನ್ನಿ. ಹೂಂ ಅನ್ನದವರಿಗೆ ನಾನು ಕಥೆ ಹೇಳುವುದಿಲ್ಲ.

ಯಾವುದೋ ಒಂದು ಸೀಮೆ, ಅದಕ್ಕೊಂದು ಕಡಲು, ಕಡಲಿಗೆ ಹೊಳೆ ಸೇರುವಲ್ಲಿ ಒಂದು ಅಳಿವೆ. ಅಲ್ಲಿ ಗುಲಾಬಿ ಅಂತ ಒಬ್ಬಳು. ನೀರು ಇಳಿದಾಗ ಮರಳು ಕೆದಕಿ, ಒಳಗೆ ತಿನ್ನುವ ಮಾಂಸವಿರುವ ಚಿಪ್ಪು ಹೆಕ್ಕಬೇಕು, ಮಾರಬೇಕು, ಮಕ್ಕಳಿಗೆ ಗಂಜಿ ಕಾಣಿಸಬೇಕು. ಅಷ್ಟೇ ಅವಳ ಬದುಕು. ಒಂದು ವರ್ಷ ಏನಾಯ್ತು? ಚಿಪ್ಪು ಕಮ್ಮಿಯಾಯ್ತು. ಬುಟ್ಟಿಯ ತಳವೂ ಮುಚ್ಚದು. ಮಕ್ಕಳಿಗೆ ಅರೆಹೊಟ್ಟೆ.

ಅಳಿವೆಯ ತಳದಲ್ಲಿ ತಾಟೆ ಮೀನು ಓಡಾಡುತ್ತಿತ್ತು. ನೀವು ಶಾರ್ಕ್ ಅಂತೀರಲ್ಲ, ಅದೇ. ಅದರಲ್ಲೇ ಕೆಸರು ಮೂಸಿಕೊಂಡು ಬದುಕುವ ಸಾಧು ಜಾತಿ. ಗುಲಾಬಿ ಗಂಡ ಶೀನನಿಗೆ ಹೇಳಿದಳು, "ಯಾವಾಗ ಕಂಡ್ರೂ ಕೆಸರಲ್ಲೇ ಮೂತಿ. ನಮ್ಮ ಚಿಪ್ಪಿನ ಕಳ್ಳ ಅದೇ. ಹಿಡ್ಕಂಡ್ ಬನ್ನಿ, ಹೊಟ್ಟೆ ಸೀಳಿ ಕಾಂಬ."

ಶೀನ ಮರಿ ತಾಟೆ ತಂದ. ಸೀಳಿದರು. ಒಳಗೇನಿತ್ತು? ಸಿಗಡಿ, ಹುಳ.

"ಮರಿ ಅಲ್ದಾ? ಚಿಪ್ಪು ಅಗಿಯೋ ತಾಕತ್ತಿಲ್ಲ. ದೊಡ್ಡದ್ ತನ್ನಿ."

ಪ್ರಾಯದ್ದು ತಂದ. ಸೀಳಿದರು. ಸಣ್ಣ ಸಣ್ಣ ಏಡಿ.

"ಚಿಪ್ಪು ಇಲ್ವಲ್ಲ ಮಾರಾಯ್ತಿ, ಬಿಟ್ಟುಬಿಡು," ಅಂದ ಶೀನ.

"ನಿಮಗೆಂತ ಗೊತ್ತು? ಇದ್ರ ಅಬ್ಬೆ ತಿಂದಿರತ್ತೆ."

ಗುಲಾಬಿಗೆ ಹಟ ಬಂತೋ, ಮುಗೀತು. ಕೇಳಿ, ಅವಳ ಮಾತು ಕೇರಿಗೆಲ್ಲ ಹಬ್ಬಿತು. ಎಲ್ಲರೂ ತಾಟೆ ಹಿಡಿಯಲು ಬಲೆ ಬೀಸಿದರು. ಅಳಿವೆಯಲ್ಲಿ ಉಳಿದದ್ದು ಒಂದೇ ಒಂದು ಮುದಿ ತಾಟೆ. ಅದನ್ನೂ ಶೀನ ತಂದ.

ಸೀಳಿದರು. ಕೈಯಗಲದ ಏಡಿಗಳು. ಆಗಷ್ಟೇ ನುಂಗಿದ್ದ ಒಂದು ಏಡಿ ಇಡಿಯಾಗಿಯೇ ಇತ್ತು. ಅದರ ದೊಡ್ಡ ಕಾಲಿನ ಇಕ್ಕಳದಲ್ಲಿ ಅರ್ಧ ಒಡೆದ ಚಿಪ್ಪು!

ಶೀನ ಅಂದ, "ಚಿಪ್ಪು ತಿಂದದ್ದು ಏಡಿ. ಏಡಿ ತಿಂತಾ ಇದ್ದದ್ದು ಇದು. ಕಾವಲು ಕಾಯ್ತಿದ್ದವನನ್ನೇ ಸೀಳಿದ್ವಲ್ಲೇ!"

ಗುಲಾಬಿ ತಲೆ ಚಚ್ಚಿಕೊಂಡು ಅತ್ತಳು. ಅತ್ತರೆ ತಾಟೆ ಬರುತ್ತದೆಯೇ? ಅದು ಮರಿ ಹಾಕುವುದೂ ಕಮ್ಮಿ, ಬೆಳೆಯುವುದೂ ನಿಧಾನ.

ಈಗ ಏಡಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಇದ್ದಬದ್ದ ಚಿಪ್ಪಾದರೂ ಉಳಿಯಬೇಕಲ್ಲ? ಗುಲಾಬಿಯೇ ನೀರಿಗಿಳಿದಳು. ಸೊಂಟ ಬಗ್ಗಿಸಿ, ಕಲ್ಲಿನ ಸಂದಿಗೆ ಕೈಹಾಕಿ, ಕಚ್ಚಿಸಿಕೊಂಡು ಏಡಿ ಹಿಡಿದಳು. ಇವತ್ತೂ ಏಡಿ ಸಾರು, ನಾಳೆಯೂ ಏಡಿ ಸಾರು. ಮಕ್ಕಳು ತಟ್ಟೆ ದೂಡಿದರು.

"ತಿನ್ನಿ ಮಕ್ಕಳೇ," ಅಂದಳು ಗುಲಾಬಿ. "ತಾಟೆ ಇದ್ದಿದ್ರೆ ಅದು ತಿಂತಿತ್ತು. ಈಗ ನಾವೇ ತಿಂದು ಮುಗಿಸ್ಕು."

ಅವಳು ಹಿಡಿಯುತ್ತಲೇ ಇದ್ದಾಳೆ, ಏಡಿ ಹುಟ್ಟುತ್ತಲೇ ಇದೆ. ಅವಳನ್ನು ಅಲ್ಲೇ ಬಿಟ್ಟು ನಾನು ಬಂದೆ. ನೀವೂ ಚಾಪೆ ಕೊಡವಿ ಏಳಿ.