ಹಳದಿ ಗೆರೆಯ ಬೋಲ್ಟು

…ಬೀಗದ ಕೈ ಆಮೇಲೆ ಕೊಡುವೆಯಂತೆ, ಮೊದಲು ಕೂತ್ಕೋ ಅಕ್ಕ. ಆ ಸ್ಟೂಲು ಬೇಡ, ಅದರ ಒಂದು ಕಾಲು ಕುಂಟು. ಇಲ್ಲಿ ಬಾ, ಈ ಹಳೇ ಕಾರ್ ಸೀಟಿನ ಮೇಲೆ ಕೂತ್ಕೋ, ಒರೆಸಿಟ್ಟಿದ್ದೀನಿ. ಹೌದು, ನಾನೇ ಒರೆಸಿದ್ದು. ಯಾಕೆ ಹಾಗೆ ನೋಡ್ತೀಯ? ಆರು ವಾರದಲ್ಲಿ ಮನುಷ್ಯ ಬದಲಾಗಬಾರದಾ?

ನೀನು ಬಂದಿರೋ ಕಾರಣ ನಂಗೆ ಗೊತ್ತು. ಭಾವ ಫೋನ್ ಮಾಡಿ ಹೇಳಿದ್ರು, ಅದೂ ಎಂಥ ಸಂಭ್ರಮದಲ್ಲಿ. ನಾಳೆಯಿಂದ ನಿಮ್ಮಕ್ಕ ನನ್ನ ಟೈಲರ್ ಅಂಗಡೀಲಿ ಕೂರ್ತಾಳೆ, ಗುಂಡಿ ಹೊಲೀತಾಳೆ, ವರ್ಕ್‌ಶಾಪು ಇನ್ನು ಪೂರ್ತಿ ನಿಂದೇ ಕಣಪ್ಪ, ಅಂತ. ನೀನು… ಗುಂಡಿ! ಇಪ್ಪತ್ತೆಂಟು ವರ್ಷ ಗೇರ್‌ಬಾಕ್ಸನ್ನ ಎದೆ ಮೇಲೆ ಇಳಿಸಿಕೊಂಡೋಳು ಷರಟಿನ ಗುಂಡಿ ಹೊಲೀತೀಯ? ಭಾವನಿಗೇನು ಬಿಡು, ಸೂಜಿಗಿಂತ ಭಾರದ್ದು ಎತ್ತೋರನ್ನ ಕಂಡ್ರೆ ಮದುವೆ ದಿನದಿಂದಲೂ ಅವರಿಗೆ ಭಯ.

ನಗು ಬಂತಲ್ಲ? ಬಂತು ಬಂತು, ನೋಡಿದೆ. ತುಟಿ ಕಚ್ಕೊಂಡ್ರೆ ಮುಚ್ಚಿಹೋಗಲ್ಲ.

ಹತ್ತು ನಿಮಿಷ ಕೊಡು ಸಾಕು. ಒಂದು ವಸ್ತು ತೋರಿಸ್ತೀನಿ, ಅದನ್ನ ನೋಡಿದ ಮೇಲೂ ಗುಂಡಿ ಹೊಲಿಯೋಕೆ ಹೋಗ್ತೀನಿ ಅಂದ್ರೆ ನಾನೇ ದಾರ ಪೋಣಿಸಿಕೊಡ್ತೀನಿ. ತಗೋ. ಎಡಗೈಯಲ್ಲೇ ಹಿಡ್ಕೋ… ಭಾರ ಅಲ್ವಾ? ಸಾಕೆಟ್ಟೇ ಅದು. ನಾವು ದಿನಾ ಬೋಲ್ಟಿನ ತಲೆಗೆ ಹಾಕೋ ಅದೇ ಬಟ್ಟಲು, ಆದ್ರೆ ಸುತ್ತ ಬಳೆ ಥರ ದಪ್ಪಗೆ ಉಕ್ಕು ಬಿಟ್ಟಿದ್ದಾರೆ. ತೂಕದ ಸಾಕೆಟ್ಟು ಅಂತಾರೆ. ನಿನ್ನೆ ತಂದದ್ದು. ನಮ್ಮ ಗಾಳಿ ಗನ್ನು ಒಳಗೊಳಗೇ ಸುತ್ತಿಗೆ ಏಟು ಹಾಕ್ತಾ ಬೋಲ್ಟು ತಿರುಗಿಸುತ್ತಲ್ಲ, ಮಾಮೂಲಿ ಸಾಕೆಟ್ಟು ಹಗುರ, ಏಟಿನ ಅರ್ಧ ಅದರ ನಡುಕದಲ್ಲೇ ಕಳೆದುಹೋಗುತ್ತೆ. ಇದು ಹಾಗಲ್ಲ. ಒಂದು ಸಲ ತಿರುಗೋಕೆ ಶುರು ಮಾಡಿದ್ರೆ ತನ್ನ ಭಾರವನ್ನೆಲ್ಲ ಸೇರಿಸಿ ಬೋಲ್ಟಿಗೆ ಕೊಡುತ್ತೆ. ಬಾಗಿಲು ಬಡಿಯೋದಕ್ಕೂ ಭುಜ ಕೊಟ್ಟು ನೂಕೋದಕ್ಕೂ… ಸರಿ. ಭುಜದ ಮಾತು ಬೇಡ. ಬಾಯಿ ತಪ್ಪಿತು.

ನೋಡು, ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿತ್ತಲ್ಲ ಆ ಇಂಜಿನ್ನು, ಇವತ್ತು ಬೆಳಿಗ್ಗೆ ಎದ್ದು ಬಂದು ಬೆಂಚಿಗೆ ಎಳೆದು ಹಾಕಿದ್ದೀನಿ. ತಿರುಗದ ಹಾಗೆ ಹಿಂದುಗಡೆ ಬಿಗಿಯಾಗಿ ಕಟ್ಟಿದ್ದೀನಿ. ಮುಂದೆ ಬೆಲ್ಟು ಸುತ್ತೋ ಪುಲ್ಲಿ, ಪುಲ್ಲಿ ನಡುವೆ ದೊಡ್ಡ ಬೋಲ್ಟು. ತುಕ್ಕು ಹಿಡಿದು ಕಲ್ಲಾಗಿದೆ. ಮೊದಲು ಮಾಮೂಲಿ ಸಾಕೆಟ್ಟು. ಅದನ್ನ ಮಡಿಲಲ್ಲಿಟ್ಟು ಕಿವಿ ಮುಚ್ಕೋ… ಓ, ಒಂದು ಕೈಯಲ್ಲಿ ಒಂದೇ ಕಿವಿ. ಇನ್ನೊಂದನ್ನ ಸೀಟಿಗೆ ಒತ್ಕೋ. ಹ್ಞೂಂ, ಹಾಗೆ.

…ಕೇಳಿಸ್ತಾ? ಡರ್ರ್ ಅಂತ ಬರೀ ಸದ್ದು. ಹದಿನೈದು ಸೆಕೆಂಡು ಕಳೀತು, ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಈಗ ಇದು. ಅದೇ ಗನ್ನು, ಅದೇ ಗಾಳಿ, ಅದೇ ನಾನು.

…ಆಯ್ತು. ಅಷ್ಟೇ. ಬೋಲ್ಟು ಕೈಗೆ ಬಂತು. ನಾಲ್ಕು ಸೆಕೆಂಡೂ ಆಗಲಿಲ್ಲ. ಹುಬ್ಬು ಮೇಲೇರಿತಲ್ಲ ಅಕ್ಕ! ನೀನು ಹುಬ್ಬೇರಿಸಿದ್ದು ನಾನು ನೋಡಿದ್ದು ಇದು ಎರಡನೇ ಸಲ, ಮೊದಲನೇದು ನಾನು ಎಂಟನೇ ಕ್ಲಾಸು ಪಾಸಾದಾಗ.

ಈಗ ಯಾಕಿದೆಲ್ಲ ಅಂದ್ರೆ… ಅದೇ, ಆ ದಿನದ ಮಾತು. ಬೇಡ ಅಂದ್ರೂ ಹೇಳ್ತೀನಿ. ನೀನು ಮನಸ್ಸಲ್ಲಿ ಅದನ್ನೇ ಅರೀತಾ ಕೂತಿದ್ದೀಯ. ಆ ಬಾಡಿಗೆ ಕಾರು, ನಮ್ಮ ಮಫ್ಲರ್‌ದು. ಬಿರುಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ಕೊಂಡೇ ಗಾಡಿ ಓಡಿಸೋ ಪುಣ್ಯಾತ್ಮ. ಪುಲ್ಲಿ ಹಿಂದಿನ ಸೀಲಿಂದ ಎಣ್ಣೆ ಸೋರ್ತಾ ಇದೆ ಅಂತ ತಂದ. ಪುಲ್ಲಿ ಬಿಚ್ಚಬೇಕು, ಅದರ ಬೋಲ್ಟು ಬರಬೇಕು. ನೀನು ಉದ್ದದ ಹಿಡಿಕೆ ಹಾಕಿದೆ, ಬರಲಿಲ್ಲ. ಹಿಡಿಕೆಗೆ ಪೈಪು ಸಿಕ್ಕಿಸಿದೆ, ಬರಲಿಲ್ಲ. ಅದಕ್ಕಿಂತ ಉದ್ದದ ಪೈಪು ಹಾಕಿದೆ. ಪಕ್ಕದ ಅಂಗಡಿ ಬಡಗಿ ಬಂದು ನಿಂತು ತಮಾಷೆ ನೋಡ್ತಿದ್ದ, ಪಂಜ ಕುಸ್ತಿಯಲ್ಲಿ ನಿನ್ನ ಹತ್ರ ಮೂರು ಸಲ ಸೋತ ಹೊಟ್ಟೆಕಿಚ್ಚು ಅವನಿಗೆ. ನೀನು ಮೈಭಾರವೆಲ್ಲ ಹಾಕಿ ತೂಗಿದೆ. ಸಾಕೆಟ್ಟು ಜಾರಿತು, ಪೈಪು ಹಾರಿತು, ಭುಜ ಕೀಲು ತಪ್ಪಿತು.

ನೆಲದ ಮೇಲೆ ಕೂತ್ಕೊಂಡು ನೀನು ಅಂದ ಮೊದಲ ಮಾತು ನಂಗಿನ್ನೂ ಕಿವೀಲಿದೆ. ಅಮ್ಮಾ ಅನ್ನಲಿಲ್ಲ, ನೋವು ಅನ್ನಲಿಲ್ಲ. 'ಕೈ ಮುಗೀತು ಕಣೋ' ಅಂದೆ.

ಅಲ್ಲಿಂದ ಹಿಡಿದಿರೋದು ನಿನಗೆ ಈ ಹುಚ್ಚು. ಡಾಕ್ಟರು ಇನ್ನೆರಡು ತಿಂಗಳಲ್ಲಿ ಎಲ್ಲ ಸರಿ ಅಂದ್ರು, ನೀನು ಕೇಳಿಸ್ಕೊಳ್ಳಲೇ ಇಲ್ಲ. ಭುಜ ಸರಿ ಹೋಗಬಹುದು, ಕೈಯಲ್ಲಿ ಕಸುವಿಲ್ಲ, ವಯಸ್ಸಾಯ್ತು ಅಂತ ಒಂದೇ ರಾಗ. ಐವತ್ತೊಂದು ಒಂದು ವಯಸ್ಸಾ? ನಿನ್ನ ಕೈಗೇನೂ ಆಗಿಲ್ಲ ಅಕ್ಕ. ಇಷ್ಟು ಹೊತ್ತು ನಾನು ತೋರಿಸಿದ್ದು ಅದನ್ನೇ. ಆ ಬೋಲ್ಟು ಮನುಷ್ಯರ ಕೈಗೆ ಬರೋದಲ್ಲ. ನೀನಲ್ಲ, ನಿನ್ನಂಥ ನಾಲ್ಕು ಜನ ತೂಗಿದ್ರೂ ಬರ್ತಿರಲಿಲ್ಲ.

ಏನು? ತಲೆ ಯಾಕೆ ಅಲ್ಲಾಡಿಸ್ತೀಯ? …ಹ್ಞಾಂ. ಅದು. ಮಾರನೇ ದಿನ ಆಸ್ಪತ್ರೆಯಲ್ಲಿ ನಾನು ಹೇಳಿದ್ದು. 'ಬಂತಕ್ಕ, ಕೈಯಲ್ಲೇ ಬಂತು, ನೀನು ತಲೆ ಕೆಡಿಸ್ಕೋಬೇಡ' ಅಂದಿದ್ದೆ. ನಿಂಗೆ ಸಮಾಧಾನ ಆಗ್ಲಿ ಅಂತ. ನೀನು ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ. ತಮ್ಮನ ಕೈಗೆ ಬಂದದ್ದು ನನ್ನ ಕೈಗೆ ಬರಲಿಲ್ಲ ಅಂದ್ಕೊಂಡೆ, ಅಲ್ವಾ? ಅದು ನಂಗೆ ಹೊಳೆಯೋ ಹೊತ್ತಿಗೆ ವಾರ ಆಗಿತ್ತು. ಅದು ಸುಳ್ಳು ಅಕ್ಕ, ಹಸಿ ಸುಳ್ಳು. ನನ್ನ ಕೈಗೆ ಬಾಟಲಿ ಮುಚ್ಚಳ ಬರೋದೇ ಕಷ್ಟ. ಇದೇ ಗನ್ನು, ಇದೇ ಸಾಕೆಟ್ಟು ಹಾಕಿ ಬಿಚ್ಚಿದ್ದು. ಅದಕ್ಕೂ ಹನ್ನೆರಡು ಸೆಕೆಂಡು ಹಿಡೀತು. ತುಕ್ಕು ಹಿಡಿದ ಈ ಪೀಡೆ ನಾಲ್ಕರಲ್ಲಿ ಬಂತು, ಅದು ಹನ್ನೆರಡು! ಈಗಲಾದ್ರೂ ನಂಬ್ತೀಯಾ?

…

ಏನಾಯ್ತು? ಒಳ್ಳೇ ಸುದ್ದಿ ಹೇಳ್ತಿದ್ದೀನಲ್ಲ.

ಸಾಕೆಟ್ಟು ಮತ್ತೆ ಕೈಗೆ ತಗೊಂಡು ಯಾಕೆ ತಿರುಗಿಸಿ ತಿರುಗಿಸಿ ನೋಡ್ತೀಯ?

ಓ. ನಿನ್ನೆ ತಂದದ್ದು ಅಂದೆನಲ್ಲ. ಆರು ವಾರದ ಹಿಂದೆ ಬಿಚ್ಚಿದೆ ಅಂತಾನೂ ಅಂದೆ. ಸರಿ, ನಿನ್ನೆದಲ್ಲ. ಐದು ತಿಂಗಳಾಯ್ತು. ಬಣ್ಣದ ಡಬ್ಬಿಗಳ ಹಿಂದೆ ಚಿಂದಿಯಲ್ಲಿ ಸುತ್ತಿ ಇಟ್ಟಿದ್ದೆ. ನೀನು ಬೈತೀಯ ಅಂತ, ಇನ್ನೇನು. ನಿನಗೆ ಆ ಗನ್ನೇ ಆಗಲ್ಲ, ಅದಕ್ಕೆ ಇನ್ನಷ್ಟು ಜೋರು ಕೊಡೋ ಸಾಮಾನು ತಂದೆ ಅಂದ್ರೆ ಊಟ ಹಾಕ್ತಿದ್ಯಾ? ಅಷ್ಟೇ ವಿಷಯ. ಬಚ್ಚಿಟ್ಟಿದ್ದೆ, ಒಪ್ಕೊಂಡೆ, ಮುಗೀತು.

ಇನ್ನೂ ಏನು ನೋಡ್ತೀಯ?

ಆ ಬೋಲ್ಟು ಅಷ್ಟು ಬಿಗಿ ಯಾಕಿತ್ತು ಅಂತಾನಾ? ಅದು… ಬಿಸಿಗೆ ಹಿಡ್ಕೊಂಡಿರುತ್ತೆ. ಬಾಡಿಗೆ ಗಾಡಿ, ದಿನವಿಡೀ ಓಡುತ್ತೆ. ತುಕ್ಕೂ ಇರಬಹುದು. ಹಾಗೆ ನೋಡಬೇಡ ಅಕ್ಕ, ನಂಗೂ ಗೊತ್ತು, ಮೂರು ತಿಂಗಳಲ್ಲಿ ಎಂಥ ತುಕ್ಕು. ಹೌದು, ನಿನ್ನ ಭುಜ ತಪ್ಪೋಕೆ ಮೂರು ತಿಂಗಳ ಮುಂಚೆ ಅದೇ ಕಾರು ಪುಲ್ಲಿ ಬಿಚ್ಚಿ ಬೆಲ್ಟು ಬದಲಾಯಿಸೋಕೆ ಇಲ್ಲಿಗೇ ಬಂದಿತ್ತು. ಹೌದು, ಆವಾಗ ಕೆಲಸ ಮಾಡಿದ್ದು ನಾನು.

ನಿನ್ನ ಕಾಯಿದೆ ನಂಗೆ ಗೊತ್ತಿಲ್ವಾ? ಬಿಚ್ಚೋಕೆ ಬೇಕಾದ್ರೆ ಮೆಷಿನ್ ಹಿಡಿ, ಬಿಗಿಯೋದು ಮಾತ್ರ ಕೈಯಲ್ಲಿ, ಟಾರ್ಕ್ ವ್ರೆಂಚಿನಲ್ಲಿ, ಅಳತೆಗೆ ಬಂದು ಅದು ಟಕ್ ಅನ್ನೋ ತನಕ. ಟಕ್ ಅಂದ ಮೇಲೆ ಬೋಲ್ಟಿನ ಮೇಲೆ ಬಣ್ಣದ ಗೆರೆ. ನಿಂದು ಬಿಳಿ, ನಂದು ಹಳದಿ. ಅಳತೆ ನೋಡಿ ಬಿಗಿದಿದ್ದೀನಿ, ಇದಕ್ಕೆ ನಾನು ಜವಾಬ್ದಾರಿ ಅಂತ. ಆ ಗೆರೆ ಎಳೆಯೋ ಕುಂಚವನ್ನ ನನ್ನ ಕೈಗೆ ಕೊಡೋಕೆ ನೀನು ಐದು ವರ್ಷ ಕಾಯಿಸಿದ್ದೆ.

ಬೆಲ್ಟು ಹಾಕಿದ ಆವತ್ತು ವ್ರೆಂಚು ನಿನ್ನ ಕೈಯಲ್ಲಿತ್ತು. ಯಾವುದೋ ಲಾರಿ ಇಂಜಿನ್ನಿನ ಮೇಲೆ ಬಗ್ಗಿದ್ದೆ ನೀನು. ಮಫ್ಲರ್ ಒಂದು ಕಾಲ ಮೇಲೆ ನಿಂತಿದ್ದ, ಗಿರಾಕಿ ಕಾಯ್ತಿದ್ದಾರೆ, ಆಯ್ತಾ ಆಯ್ತಾ ಅಂತ. ಕೊಡಕ್ಕ ಅಂತ ಒಂದು ಮಾತು ಕೇಳಬಹುದಿತ್ತು. ಹೆಚ್ಚಂದ್ರೆ ಹತ್ತು ನಿಮಿಷ. ಸಾಕೆಟ್ಟು ಹೊಸದು, ಕೈ ತುರಿಸ್ತಾ ಇತ್ತು… ಗನ್ನಿಗೆ ಸಿಕ್ಕಿಸಿ ಅಳತೆ ನೋಡದೆ ಬಿಗಿದುಬಿಟ್ಟೆ. ಮೂರೇ ಸೆಕೆಂಡು. ಎಂಥ ಮಜಾ ಅನ್ನಿಸ್ತು ಗೊತ್ತಾ? ಆಮೇಲೆ ಅದರ ಮೇಲೆ ಗೆರೆ ಎಳೆದೆ.

ಹೌದು. ಹಳದಿ ಗೆರೆ.

ನೀನು ಏನಾದ್ರೂ ಅನ್ನು ಅಕ್ಕ. ಬೈಯಿ. ನಿಂಗೆ ಬೈಯೋಕೆ ಬರುತ್ತೆ, ಬೀದಿಗೇ ಗೊತ್ತು.

ತಡಿ, ಬೈಯೋ ಮುಂಚೆ ಇನ್ನೂ ಇದೆ. ಸರಿ, ಪೂರ್ತಿ ನಾನೇ ಹೇಳ್ತೀನಿ. ಇಷ್ಟು ಹೇಳಿ ನಿಲ್ಲಿಸೋಣ ಅಂತಾನೇ ಇದ್ದೆ.

ನೀನು ಪೈಪು ಹಾಕಿ ತೂಗೋವಾಗ ಪುಲ್ಲಿ ತಿರುಗದ ಹಾಗೆ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ದೆ ನಾನು. ಎರಡನೇ ಸಲ ಬರದೇ ಇದ್ದಾಗ ನೀನು ಬಗ್ಗಿ ಬೋಲ್ಟಿನ ಮೇಲೆ ಟಾರ್ಚ್ ಬಿಟ್ಟೆ. 'ನಿನ್ನ ಗೆರೆ ಇದೆ, ಅಳತೆಗೆ ಬಿಗಿದದ್ದು, ಬರಲೇಬೇಕು' ಅಂದೆ. ನಾನು ಹ್ಞೂಂ ಅಂದೆ. ನಂಗೆ ಗೊತ್ತಿತ್ತು ಅಕ್ಕ. ಬರಲ್ಲ ಅಂತ ಗೊತ್ತಿತ್ತು. ಬಡಗಿ ನಿಂತಿದ್ದ, ಮಫ್ಲರ್ ನಿಂತಿದ್ದ… ಅವರ ಮುಂದೆ ಹೇಗೆ ಹೇಳೋದು ಅಂತ ಯೋಚಿಸ್ತಾ ಕೂತಿದ್ದೆ. ಇನ್ನೂ ಉದ್ದದ್ದು ಕೊಡು ಅಂತ ನೀನು ಕೈ ಚಾಚಿದೆ. ಆ ಪೈಪನ್ನ ಎತ್ತಿ ನಿನ್ನ ಕೈಗೆ ಕೊಟ್ಟೋನು ನಾನೇ.

ನನ್ನ ಗೆರೆಯನ್ನ ನಂಬಿ ನಿನ್ನ ಕೈಯನ್ನ ಅನುಮಾನಿಸಿದೆಯಲ್ಲಕ್ಕ. ಆರು ವಾರ ಆ ಕೈಯನ್ನ ಬೈಕೊಂಡು ಕೂತೆ. ನಾನು ದಿನಾ ಬಂದು ಕಿತ್ತಳೆ ಸುಲಿದು ಕೊಟ್ಟು ಹೋಗ್ತಿದ್ದೆ. ನಾಚಿಕೆ ಆಗುತ್ತೆ ನಂಗೆ.

ಏಳಬೇಡ, ಒಂದೇ ಒಂದು ಮಾತು. ಹೋಗೋದಾದ್ರೆ ಹೋಗು, ನಾನು ಅಡ್ಡ ಬರಲ್ಲ. ಆದ್ರೆ ನನ್ನ ಮೇಲಿನ ಸಿಟ್ಟಿಗೆ ಹೋಗು ಅಕ್ಕ. ಕೈ ಸೋತಿತು ಅಂತ ಹೋಗಬೇಡ.