ಮೇಲಿನ ಮಹಡಿಗೆ ಹೋದ ಸಭೆ

ವೇದಿಕೆಯಲ್ಲಿರುವ ಪಡುಗಡಲು ಶಿಕ್ಷಣ ಮಂಡಳಿಯ ಅಧ್ಯಕ್ಷರಾದ ಸದಾನಂದ ಅವರೇ, ಕಾರ್ಯದರ್ಶಿಗಳಾದ ಸಂದೀಪ ಅವರೇ, ನನ್ನ ಪರಿಚಯವನ್ನು ನನಗೇ ಗುರುತು ಸಿಗದಷ್ಟು ಚೆನ್ನಾಗಿ ಮಾಡಿಕೊಟ್ಟ ಮುಖ್ಯ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಬೆಳಗಿನ ತರಗತಿ ಮುಗಿಸಿ ಕೆಲಸಕ್ಕೆ ಓಡಬೇಕಾದ ಹೊತ್ತಿನಲ್ಲೂ ಇಲ್ಲಿ ಉಳಿದಿರುವ ವಿದ್ಯಾರ್ಥಿಗಳೇ, ಸಭಿಕರೇ,

ಈ ಶಾಲನ್ನು ತೆಗೆದು ಕುರ್ಚಿಯ ಮೇಲಿಡುತ್ತಿದ್ದೇನೆ. ತಪ್ಪು ತಿಳಿಯಬೇಡಿ. ಇದು ಪ್ರತಿಭಟನೆಯಲ್ಲ, ಜೋಗೇಶ್ವರಿಯ ಸೆಕೆ. ಪ್ರತಿಭಟನೆ ಇನ್ನು ಬರಲಿದೆ.

ನಿವೃತ್ತಳಾಗುವ ಶಿಕ್ಷಕಿ ಏನು ಮಾತನಾಡಬೇಕೆಂದು ನನಗೆ ಗೊತ್ತಿದೆ. ಕಣ್ಣು ಸ್ವಲ್ಪ ತುಂಬಿಕೊಳ್ಳಬೇಕು, ಗಂಟಲು ಸ್ವಲ್ಪ ಕಟ್ಟಬೇಕು, ಮಂಡಳಿಯ ಋಣ ತೀರಿಸಲಾರೆ ಎನ್ನಬೇಕು. ಅಂಥದ್ದೇ ಒಂದು ಭಾಷಣವನ್ನು ಸಿದ್ಧಮಾಡಿಕೊಂಡು ಬಂದಿದ್ದೆ. ಆದರೆ ಈಗಷ್ಟೇ ಸ್ವಾಗತ ಭಾಷಣದಲ್ಲಿ ಒಂದು ಮಾತು ಬಂತು: 'ಆಡಳಿತ ಮಂಡಳಿ ಮತ್ತು ಅಧ್ಯಾಪಕರ ನಡುವೆ ನಮ್ಮಲ್ಲಿರುವ ಸಾಮರಸ್ಯ ಮುಂಬಯಿಯ ಇನ್ನಾವ ಕಾಲೇಜಿನಲ್ಲೂ ಇಲ್ಲ.' ನೀವು ಚಪ್ಪಾಳೆ ತಟ್ಟಿದಿರಿ. ಅಭ್ಯಾಸಬಲದಿಂದ ನಾನೂ ಕೈ ಎತ್ತಿದೆ. ಅಷ್ಟರಲ್ಲಿ ನಿಮ್ಮ ಬೆನ್ನ ಹಿಂದಿನ ಗೋಡೆ ಕಣ್ಣಿಗೆ ಬಿತ್ತು.

ದಯವಿಟ್ಟು ಒಮ್ಮೆ ತಿರುಗಿ ನೋಡಿ. ಅಲ್ಲಿ ಈ ಕಾಲೇಜಿನ ಪ್ರಾಂಶುಪಾಲರಾಗಿದ್ದವರ ಫೋಟೋಗಳಿವೆ. ಒಂದೇ ವರ್ಷ ಇದ್ದು ಹೋದವರದ್ದೂ ಇದೆ. ಮಹಾದೇವಿಯವರದ್ದು ಎಲ್ಲಿ? ಅವರು ಇಲ್ಲಿ ಪ್ರಾಂಶುಪಾಲರಾಗಿರಲಿಲ್ಲವೇ? ಮುಂಜಾನೆ ಗೇಟಿನ ಹತ್ತಿರ ನಿಂತು ನಿಮ್ಮನ್ನೆಲ್ಲ ಒಳಗೆ ಕರೆಯುತ್ತಿದ್ದವರು ಯಾರು? ಸಾಮರಸ್ಯವೆಂದರೆ ಗೋಡೆಯಿಂದ ಒಂದು ಮುಖವನ್ನು ಕಡಿಮೆ ಮಾಡುವುದೇ?

ಹೊಸ ವಿದ್ಯಾರ್ಥಿಗಳಿಗೆ ಅವರ ಹೆಸರು ಗೊತ್ತಿರಲಾರದು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನನ್ನ ವಿಷಯ ರಾಜ್ಯಶಾಸ್ತ್ರ. ಒಂದು ಮನೆಯನ್ನಾಗಲಿ ದೇಶವನ್ನಾಗಲಿ ಯಾರು ಆಳಬೇಕು, ಯಾರನ್ನು ಕೇಳಿ ಆಳಬೇಕು ಎಂದು ಮೂರು ದಶಕ ಪಾಠ ಮಾಡಿದ್ದೇನೆ. ಇವತ್ತು ಕಾಲೇಜಿನ ಬಗ್ಗೆ ಕೊನೆಯ ಪಾಠ.

ಈ ಕಾಲೇಜನ್ನು ಕಟ್ಟಿದವರು ಮೋನಪ್ಪನವರು. ಉಡುಪಿ ಕಡೆಯಿಂದ ಬಂದು, ಹೋಟೆಲಿನಲ್ಲಿ ತಟ್ಟೆ ತೊಳೆದು, ಆಮೇಲೆ ಸ್ವಂತ ಹೋಟೆಲು ಮಾಡಿದವರು. ತಮ್ಮಲ್ಲಿ ಕೆಲಸ ಮಾಡುವವರು ಬೆಳಿಗ್ಗೆ ಓದಿ ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸಕ್ಕೆ ಬರಲಿ ಎಂದು ಈ ಬೆಳಗಿನ ಕಲಾ ವಿಭಾಗವನ್ನು ತೆರೆದರು. ನನ್ನ ಅಪ್ಪ ಘಾಟ್ಕೋಪರಿನ ಒಂದು ಹೋಟೆಲಿನಲ್ಲಿ ಅಡುಗೆಯವರು. ಹುಡುಗಿಯನ್ನು ಅಷ್ಟು ಬೆಳಿಗ್ಗೆ ಅಷ್ಟು ದೂರ ಕಳಿಸುವುದೇ ಎಂದು ನಮ್ಮ ಚಾಳಿನ ಮನೆಗಳಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಮೋನಪ್ಪನವರೇ ಮನೆಗೆ ಬಂದು ಅಮ್ಮನಿಗೆ, 'ಅಕ್ಕ, ಅವಳನ್ನು ಕಳಿಸಿ ನೋಡಿ. ಅವಳು ಬರದಿದ್ದರೆ ನಾನು ಕಾಲೇಜು ಕಟ್ಟಿದ್ದು ಎಂತಕ್ಕೆ?' ಎಂದರು. ಹಾಗಾಗಿ ನಾನೂ ಇಲ್ಲಿ ಕಲಿತವಳೇ.

ಮೋನಪ್ಪನವರು ಒಂದು ನಿಯಮ ಮಾಡಿದ್ದರು. ಆಡಳಿತ ಸಮಿತಿಯಲ್ಲಿ ಅರ್ಧ ಟ್ರಸ್ಟಿಗಳು, ಅರ್ಧ ಅಧ್ಯಾಪಕರು. ಸಭೆ ನಡೆಯಬೇಕಾದದ್ದು ಅಧ್ಯಾಪಕರ ಕೋಣೆಯಲ್ಲಿ. 'ಕಟ್ಟಡ ನಮ್ಮದು, ಪಾಠ ನಿಮ್ಮದು. ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು ಇಲ್ಲಿ ಒಂದು ಮೊಳೆ ಹೊಡೆಯುವ ಹಾಗಿಲ್ಲ' ಎನ್ನುತ್ತಿದ್ದರು. ಆ ಸಭೆಗಳಲ್ಲಿ ಜಗಳಗಳಾಗುತ್ತಿದ್ದವು. ಒಮ್ಮೆ ಗ್ರಂಥಾಲಯದ ವಿಚಾರಕ್ಕೆ ಮೋನಪ್ಪನವರು ಸಿಟ್ಟಾಗಿ ಎದ್ದು ಹೋಗಿ, ಕೆಳಗಿನ ಟಪರಿಯಲ್ಲಿ ಚಹಾ ಕುಡಿದು, ತಿರುಗಿ ಬಂದು, 'ಸರಿ, ನೀವು ಹೇಳಿದ್ದೇ ಆಗಲಿ' ಎಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ನಾನು ಸಾಮರಸ್ಯ ಎನ್ನುತ್ತೇನೆ.

ಅವರು ಹೋದ ಮೇಲೆ ಏನಾಯಿತು? ಯಾರೂ ನಿಯಮವನ್ನು ಮುರಿಯಲಿಲ್ಲ. ಬರೀ ಸಭೆ ಮೇಲಿನ ಮಹಡಿಗೆ ಹೋಯಿತು. ಅಲ್ಲಿ ಏಸಿ ಇತ್ತು, ಉದ್ದನೆಯ ಮೇಜು ಇತ್ತು. ಮೊದಮೊದಲು ನಮಗೂ ಖುಷಿಯಾಯಿತು. ಬರಬರುತ್ತ ಮೇಜಿನ ಸುತ್ತ ಟ್ರಸ್ಟಿಗಳು, ಗೋಡೆಯ ಪಕ್ಕ ಸಾಲಾಗಿ ಅಧ್ಯಾಪಕರು. ಆಮೇಲೆ, 'ಟೀಚರ್, ನಿಮಗೆ ಕ್ಲಾಸು ಉಂಟಲ್ಲ, ನೀವು ಹೋಗಿ, ನಾವು ತಿಳಿಸುತ್ತೇವೆ.' ನಾವು ಹೋದೆವು. ಅವರು ತಿಳಿಸಿದರು. ತಿಳಿಸುವುದು ಬೇರೆ, ಕೇಳುವುದು ಬೇರೆ ಎಂದು ತರಗತಿಯಲ್ಲಿ ದಿನವೂ ಹೇಳುತ್ತಿದ್ದ ನನಗೆ ಅದು ಮೇಲಿನ ಮಹಡಿಯಲ್ಲಿ ಹೊಳೆಯಲು ತಡವಾಯಿತು.

ಮಹಾದೇವಿಯವರಿಗೆ ಮಾತ್ರ ಮೊದಲ ದಿನವೇ ಹೊಳೆದಿತ್ತು. ಅವರ ತಂದೆತಾಯಿ ವಿಜಯಪುರದ ಕಡೆಯವರು, ಕಟ್ಟಡದ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಇದೇ ಬೆಳಗಿನ ವಿಭಾಗದಲ್ಲಿ ಅವರು ನನ್ನ ವಿದ್ಯಾರ್ಥಿನಿ. ಮುಂದೆ ಓದಿ, ಬೇರೆ ಕಡೆ ಕಲಿಸಿ, ಇಲ್ಲಿಗೇ ಅಧ್ಯಾಪಕಿಯಾಗಿ ಬಂದರು. ಪ್ರಾಂಶುಪಾಲರ ಹುದ್ದೆ ತೆರವಾದಾಗ ಹಳೆಯ ನಿಯಮದಂತೆ ಎರಡೂ ಕಡೆಯವರು ಕೂತು ಅವರನ್ನು ಆರಿಸಿದರು. ಆಗ ಹಿರಿಯಳಾಗಿದ್ದವಳು ನಾನು. ನನಗೆ ಒಂದಿಷ್ಟೂ ಬೇಸರವಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ. ಯಾರೂ ಕೇಳದಿದ್ದರೂ ಹೇಳಿದೆ. ಕ್ಯಾಂಟೀನಿನವರಿಗೂ ಹೇಳಿದೆ. ಇರಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಳಗಿನ ವಿಭಾಗವನ್ನು ಮುಚ್ಚಿ, ಆ ಮಹಡಿಯಲ್ಲಿ ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದನ್ನು ತೆರೆಯಬೇಕೆಂಬ ಯೋಚನೆ ಸಂದೀಪ ಅವರದು. ಯೋಚನೆ ಮಾಡುವುದು ತಪ್ಪಲ್ಲ. ಅಧ್ಯಾಪಕರೆಲ್ಲ ಅದು ಬೇಡವೆಂದು ಒಮ್ಮತದಿಂದ ಹೇಳಿದೆವು. ಹಾಗಾದರೆ ಮತ್ತೆ ಚರ್ಚಿಸೋಣ ಎಂದರು. ಚೌತಿ ಬಂತು. ನಮ್ಮಲ್ಲಿ ಅರ್ಧ ಜನ ಊರಿಗೆ ಹೋಗಿದ್ದೆವು. ನಾವು ಕಡುಬು ತಿನ್ನುತ್ತಿದ್ದ ಹೊತ್ತಿನಲ್ಲಿ ಅಂಧೇರಿಯ ಹೋಟೆಲೊಂದರ ಹಾಲ್‌ನಲ್ಲಿ ಸಭೆ ನಡೆದು ನಿರ್ಣಯ ಪಾಸಾಯಿತು. ನಮ್ಮ ಪ್ರಾಂಶುಪಾಲರಿಗೆ ಅದು ತಿಳಿದದ್ದು ವಾಟ್ಸಾಪಿನಲ್ಲಿ. ಸುದ್ದಿಯ ಕೆಳಗೆ ಯಾರೋ ಕೈಮುಗಿಯುವ ಚಿತ್ರ ಹಾಕಿದ್ದರು.

ರಜೆ ಮುಗಿದ ಮೇಲೆ ಮಹಾದೇವಿಯವರನ್ನು ಮೇಲಿನ ಮಹಡಿಗೆ ಕರೆದರು. ಅಧ್ಯಾಪಕರ ಪ್ರತಿನಿಧಿಗಳಾಗಿ ನಾನೂ, ಇತಿಹಾಸದ ಖಂಡಪ್ಪ ಸರ್ ಕೂಡ ಹೋದೆವು. ಸಂದೀಪ ಅವರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರಗಳನ್ನು ತೋರಿಸಿ, 'ಮೇಡಂ, ಈ ಮಾರ್ನಿಂಗ್ ಬ್ಯಾಚ್ ವಯಬಲ್ ಅಲ್ಲ' ಎಂದರು.

'ವಯಬಲ್ ಅಲ್ಲಂದ್ರ ಏನ್ರಿ?' ಎಂದರು ಮಹಾದೇವಿ. 'ಮುಂಜಾನೆದ್ದು ವಿರಾರ್ ಲೋಕಲ್‌ನ್ಯಾಗ ನಿಂತು ಬಂದ ಮಕ್ಕಳು ಕ್ಲಾಸಿನ್ಯಾಗ ಎಚ್ಚರ ಕೂಡ್ತಾವ. ಒಂದು ಕ್ಲಾಸಿಗೆ ಅದಕ್ಕಿಂತ ಇನ್ನೇನ್ ಬೇಕು?'

ಅಧ್ಯಕ್ಷರು ಸಮಾಧಾನದಿಂದಲೇ ಹೇಳಿದರು: 'ತೀರ್ಮಾನ ಆಗಿದೆ ಮೇಡಂ. ನೀವು ನಾಳೆ ಮಕ್ಕಳಿಗೆ ಹೇಳಿಬಿಡಿ.'

'ತೀರ್ಮಾನ ಮಾಡಿದವರು ನೀವು. ನೀವ ಹೋಗಿ ಹೇಳ್ರಿ. ಕ್ಲಾಸಿನ ಬಾಗಿಲ ತೆಗದ ಐತಿ. ನಾ ಹೇಳಂಗಿಲ್ಲ.'

ಅವರು ದನಿ ಏರಿಸಲಿಲ್ಲ. ಯಾರೂ ಏರಿಸಲಿಲ್ಲ. ತರಗತಿಗೆ ಹೋಗಿ ಹೇಳುವ ಧೈರ್ಯ ಆ ಮೇಜಿನ ಸುತ್ತ ಕೂತ ಯಾರಿಗೂ ಬರಲಿಲ್ಲ.

ಸೋಮವಾರ ಬಂದು ನೋಡಿದರೆ ಪ್ರಾಂಶುಪಾಲರ ಕೋಣೆಗೆ ಹೊಸ ಬೀಗ. ಕಡ್ಡಾಯ ರಜೆಯ ಮೇಲೆ ಹೋಗಬೇಕೆಂದು ಅವರಿಗೆ ಸೂಚನೆ. ಸಭಿಕರೇ, ಒಬ್ಬ ಪ್ರಾಂಶುಪಾಲರ ಚಪ್ಪಲಿ, ಊಟದ ಡಬ್ಬಿ, ಕನ್ನಡಕ ಒಳಗಿರುವಾಗಲೇ ಹೊರಗಿನಿಂದ ಬೀಗ ಹಾಕಿದ ಕಾಲೇಜು ನಮ್ಮದು. ಇದು ಸಾಮರಸ್ಯವೇ? ಮನೆ ಖಾಲಿ ಮಾಡಿಸುವ ಬಿಲ್ಡರ್ ಕೂಡ ಬಾಡಿಗೆದಾರನಿಗೆ ಪಾತ್ರೆ ತೆಗೆದುಕೊಳ್ಳಲು ಹೊತ್ತು ಕೊಡುತ್ತಾನೆ.

ಮಹಾದೇವಿಯವರು ಮನೆಗೆ ಹೋಗಲಿಲ್ಲ. ಕಾರಿಡಾರಿನಲ್ಲಿ ಒಂದು ಬೆಂಚು ಇತ್ತು, ಅಲ್ಲಿ ಕೂತರು. ಖಂಡಪ್ಪ ಸರ್ ತಮ್ಮ ಮೇಜನ್ನು ಎಳೆದು ತಂದು ಅವರ ಮುಂದೆ ಇಟ್ಟರು. ಅಲ್ಲಿಂದ ಮುಂದೆ ಅವರು ಇರುವವರೆಗೆ ಕಾಲೇಜು ನಡೆದದ್ದು ಆ ಬೆಂಚಿನಿಂದ. ಜಗಳ ಬಗೆಹರಿದದ್ದು, ವೇಳಾಪಟ್ಟಿ ಆದದ್ದು, ಪರೀಕ್ಷೆಯ ಏರ್ಪಾಡು ಆದದ್ದು ಅಲ್ಲಿಯೇ. ಟ್ರಸ್ಟಿಗಳು ಮೇಲಕ್ಕೆ ಹೋಗಬೇಕಾದರೆ ಅವರ ಮುಂದೆಯೇ ಹಾದುಹೋಗಬೇಕಿತ್ತು. ಅವರು ಪ್ರತಿಯೊಬ್ಬರಿಗೂ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು. ಕೆಲವರು ಲಿಫ್ಟ್ ಇಲ್ಲದ ಈ ಕಟ್ಟಡದಲ್ಲಿ ಹಿಂಬದಿಯ ಮೆಟ್ಟಿಲನ್ನು ಹುಡುಕಿಕೊಂಡರು.

ಆ ದಿನಗಳಲ್ಲೇ ಸದಾನಂದಣ್ಣ ಘಾಟ್ಕೋಪರಿನ ನಮ್ಮ ಮನೆಗೆ ಬಂದರು. ಅಣ್ಣ, ಕ್ಷಮಿಸಿ, ಇದನ್ನು ಹೇಳಲೇಬೇಕು. ನೀವು ಸೋಫಾದಲ್ಲಿ ಕೂತು, ನೀರುದೋಸೆ ತಿಂದು, ಹೊಗಳಿ, ಆಮೇಲೆ ಹೇಳಿದಿರಿ: 'ಸೇವಂತಿ ಟೀಚರ್, ನೀವು ನಮ್ಮವರು. ಆ ಕುರ್ಚಿ ಮೊದಲೇ ನಿಮ್ಮದಾಗಬೇಕಿತ್ತು, ಅಲ್ವಾ?'

'ಮಹಾದೇವಿ ಯಾರವರು ಸದಾನಂದಣ್ಣ?' ಎಂದು ಕೇಳಿದೆ.

'ಅವರು ಆ ಕಡೆಯವರಲ್ವಾ. ನಮ್ಮ ಕಷ್ಟ ಅವರಿಗೆ ಎಂತ ಗೊತ್ತುಂಟು?'

ನಾನು ತಕ್ಷಣ ಆಗುವುದಿಲ್ಲ ಎಂದೆ. ತಕ್ಷಣವೇ. ಪ್ರಾಂಶುಪಾಲರ ಆ ಕೋಣೆಯಲ್ಲಿ ಸಂಜೆ ಒಳ್ಳೆಯ ಬೆಳಕು ಬರುತ್ತದೆ. ವಿಮಾನಗಳು ಇಳಿಯುವುದು ಕಾಣುತ್ತದೆ. ಆ ಕಿಟಕಿಗೆ ದಪ್ಪ ಕಂದು ಪರದೆ ಒಪ್ಪುವುದಿಲ್ಲ, ತಿಳಿಹಸಿರು ಬಟ್ಟೆ ಇದ್ದರೆ ಚೆನ್ನ ಎಂದು ನನಗೆ ಬಹಳ ವರ್ಷಗಳಿಂದ ಅನ್ನಿಸುತ್ತಿತ್ತು. ನೀವು ಹೋದ ಮೇಲೆ ತಟ್ಟೆ ತೊಳೆಯುವಾಗಲೂ ಅನ್ನಿಸಿತು. ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೋ ಗೊತ್ತಿಲ್ಲ. ಹೇಳಬೇಕಾದದ್ದು ಇಷ್ಟೇ. ಊರಿನ ಹೆಸರು ಹಿಡಿದು ನಮ್ಮನ್ನು ಎರಡು ಮಾಡಲು ಹೊರಟಿರಿ. ಮೋನಪ್ಪನವರು ಕಟ್ಟಿದ ಕಾಲೇಜಿನಲ್ಲಿ 'ಆ ಕಡೆಯವರು' ಎಂಬ ಮಾತು ಹೇಗೆ ಹುಟ್ಟಿತು? ಬೆಳಗಿನ ತರಗತಿಯಲ್ಲಿ ಕಲಬುರಗಿಯವರೂ ಕುಂದಾಪುರದವರೂ ಒಂದೇ ಬೆಂಚಿನಲ್ಲಿ ಕೂತು, ಒಬ್ಬರ ಕನ್ನಡಕ್ಕೆ ಇನ್ನೊಬ್ಬರು ನಗುತ್ತ ಓದಿದ್ದಾರೆ. ಆ ಬೆಂಚಿಗೆ ಗೊತ್ತಿರುವುದು ಮೇಲಿನ ಮೇಜಿಗೆ ಗೊತ್ತಿಲ್ಲವೇ?

ಡಿಸೆಂಬರಿನಲ್ಲಿ ಮಂಡಳಿಯ ವಾರ್ಷಿಕ ಮಹಾಸಭೆ ಬಂತು. ಬೆಳಗಿನ ವಿಭಾಗವನ್ನು ಮುಚ್ಚುವ ನಿರ್ಣಯವೂ, ಆಡಳಿತ ಸಮಿತಿಯಲ್ಲಿ ಅಧ್ಯಾಪಕರ ಪಾಲನ್ನೇ ತೆಗೆದುಹಾಕುವ ತಿದ್ದುಪಡಿಯೂ ಅಲ್ಲಿ ಒಪ್ಪಿಗೆಗೆ ಬರಬೇಕಿತ್ತು. ಯಾವಾಗಲೂ ಅಂಥ ಸಭೆಗೆ ಮೊದಲ ಎರಡು ಸಾಲು ತುಂಬಿದರೆ ಹೆಚ್ಚು. ಆದರೆ ಇಲ್ಲಿ ಪದವಿ ಪಡೆದ ಪ್ರತಿಯೊಬ್ಬರೂ ಮಂಡಳಿಯ ಆಜೀವ ಸದಸ್ಯರು. ಖಂಡಪ್ಪ ಸರ್ ಮತ್ತು ನಾನು ಹೋಟೆಲಿನಿಂದ ಹೋಟೆಲಿಗೆ, ಸಣ್ಣ ಕಾರ್ಖಾನೆಗಳ ಗಾಲಾದಿಂದ ಗಾಲಾಕ್ಕೆ ಹೋಗಿ ಅವರಿಗೆ ಹೇಳಿದೆವು. ಹಾಗೆ ತಿರುಗುವಾಗ ನನಗೆ ಎಷ್ಟು ಕಡೆ ಚಹಾ ಕೊಟ್ಟರು, ಎಷ್ಟು ಕಡೆ 'ಟೀಚರ್, ಕೂತ್ಕೊಳ್ಳಿ' ಎಂದರು. ಬಂದಾರೆಂಬ ನಂಬಿಕೆ ಮಾತ್ರ ಇರಲಿಲ್ಲ.

ಅವರು ಬಂದರು. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಸಿಗುವ ಬಿಡುವಿನಲ್ಲಿ ಬಂದರು. ಹೋಟೆಲಿನ ಅಂಗಿಯಲ್ಲೇ ಬಂದರು. ಈ ಸಭಾಂಗಣ ತುಂಬಿ ಮೆಟ್ಟಿಲಿನವರೆಗೆ ನಿಂತರು. ಮಕ್ಕಳು ದೊಡ್ಡವರಾದ ಮೇಲೆ ಇಲ್ಲಿ ಬಿ.ಎ. ಮಾಡಿದ ಇಂದ್ರಾಬಾಯಿ ಎದ್ದು, 'ನಾ ಓದಿದ ಕ್ಲಾಸ್ ಮುಚ್ಚೂದಕ್ಕ ನಾನ ಕೈ ಎತ್ತಬೇಕೇನ್ರಿ? ಎತ್ತಂಗಿಲ್ಲ' ಎಂದು ಕೂತರು. ನಿರ್ಣಯ, ತಿದ್ದುಪಡಿ ಎರಡೂ ಬಿದ್ದವು. ಬೆಳಗಿನ ವಿಭಾಗ ಉಳಿಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇವತ್ತು ಸಂತೋಷದಿಂದ ಆ ಶಾಲನ್ನು ಹೊದ್ದುಕೊಂಡೇ ಮಾತನಾಡುತ್ತಿದ್ದೆ. ಮುಂದಿನ ವಾರ ಟ್ರಸ್ಟಿಗಳು ನಮ್ಮೆಲ್ಲರನ್ನೂ ಮೇಲಕ್ಕೆ ಕರೆದು ಬಾದಾಮಿ ಹಾಲು ಕೊಟ್ಟರು. ತರಗತಿ ಇರಲಿ, ನಿಮ್ಮ ಪಾಲೂ ಇರಲಿ, ಆದರೆ ಮಹಾದೇವಿ ಮೇಡಂ ಬೇಡ. ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಡೋಣ ಎಂದರು. ಸಹೋದ್ಯೋಗಿಗಳೇ, ಟ್ರಸ್ಟಿಗಳ ಮೇಲಿನ ನನ್ನ ಸಿಟ್ಟು ಇಷ್ಟು ಹೊತ್ತು ಕೇಳಿ ನೀವು ಖುಷಿಪಟ್ಟಿರಿ. ಈಗ ನಿಮ್ಮ ಸರದಿ. 'ಕ್ಲಾಸು ಉಳಿಯಿತಲ್ಲ ಟೀಚರ್, ಇನ್ನು ಎಂತಕ್ಕೆ ಎಳೆಯುವುದು?' ಎಂದವರು ನೀವು.

ಖಂಡಪ್ಪ ಸರ್ ಕೇಳಿದರು: 'ಆಕಿ ಮಾಡಿದ್ದು ಸರಿ ಅಂತ ಹಾಲ್ ತುಂಬ ಜನ ಕೈ ಎತ್ತಿದ್ರು. ಸರಿ ಮಾಡಿದಾಕಿನ್ನ ಕಳಸೂದು ಯಾವ ನ್ಯಾಯ?' ಮತ ಹಾಕಿದಾಗ ಖಂಡಪ್ಪ ಸರ್ ಮತ್ತು ನಾನು ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ನಮ್ಮನ್ನು ಕೇಳದೆ ತೀರ್ಮಾನ ಮಾಡಿದರೆಂದು ತಿಂಗಳುಗಟ್ಟಲೆ ಕೂಗಿದವರು, ಮಹಾದೇವಿಯವರನ್ನು ಕೇಳದೆ ಅವರ ತೀರ್ಮಾನ ಮಾಡಿದೆವು. ಅವರು ಆಗ ಕೆಳಗೆ ಬೆಂಚಿನ ಮೇಲೆ ಕೂತು ಪರೀಕ್ಷೆಯ ಮೇಲ್ವಿಚಾರಣೆ ಹಂಚುತ್ತಿದ್ದರು.

ಅವರೇ ರಾಜೀನಾಮೆ ಕೊಟ್ಟರು. ಬೀಳ್ಕೊಡುಗೆಯ ಸಭೆ ಇರಲಿಲ್ಲ. ಜೋಗೇಶ್ವರಿ ಸ್ಟೇಷನ್ನಿಗೆ ನಾನು ಜೊತೆಗೆ ಹೋದೆ. ಅವರು, 'ಟೀಚರ್, ನೀವ್ಯಾಕ ಅಳ್ತೀರಿ? ಮುಂಜಾನಿ ಗಂಟಿ ಬಾರಸ್ತೈತಲ್ಲ' ಎಂದು, ರೈಲಿನ ಹೆಂಗಸರ ಡಬ್ಬಿ ಹತ್ತಿ ಹೋದರು. ಈಗ ಸೋಲಾಪುರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾರೆ.

ಅಧ್ಯಕ್ಷರೇ, ಈ ಫೋಟೋ ಸಾಲಿನಲ್ಲಿ ಅವರದ್ದನ್ನೂ ಹಾಕಿಸಿ ಎಂದು ಬೇಡಿಕೊಂಡು ನಾನು ಮಾತು ಮುಗಿಸುವುದಿಲ್ಲ. ಬೇಡಿಕೊಂಡದ್ದು ಸಾಕಾಗಿದೆ. ಸಂಬಳ ಪಡೆಯುವ ಅಧ್ಯಾಪಕರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವಂತಿಲ್ಲ ಎಂದು ನಿಯಮವಿದೆ. ಇವತ್ತಿಗೆ ನಾನು ಸಂಬಳ ಪಡೆಯುವವಳಲ್ಲ. ಬರುವ ಚುನಾವಣೆಯಲ್ಲಿ ನಿಮ್ಮ ಎದುರು ನಾನು ನಿಲ್ಲುತ್ತಿದ್ದೇನೆ ಸದಾನಂದಣ್ಣ. ಬೇರೆಯವರಿಂದ ನಿಮಗೆ ಗೊತ್ತಾಗುವುದು ಬೇಡ, ನಿಮ್ಮ ಮುಂದೆಯೇ ಹೇಳಬೇಕು ಎನ್ನಿಸಿತು.

ನಿನ್ನೆ ಸಂಜೆ ಫೋನು ಮಾಡಿ ಮಹಾದೇವಿಯವರಿಗೂ ಹೇಳಿದೆ. ಗೆದ್ದರೆ ತಿರುಗಿ ಬರುತ್ತೀಯೇನಮ್ಮ ಎಂದು ಕೇಳಿದೆ. 'ಇಲ್ರಿ ಟೀಚರ್, ಇಲ್ಲಿ ಮಕ್ಕಳಿಗೆ ನಾ ಹೊಂದಿಕೊಂಡೀನಿ' ಎಂದರು. ಆಮೇಲೆ ಹೇಳಿದರು: 'ನೀವು ನಿಲ್ಲರಿ. ಗೆಲ್ಲತೀರೋ ಬಿಡ್ತೀರೋ ಗೊತ್ತಿಲ್ಲ. ಸೋತ್ರೂ ಮೀಟಿಂಗಿಗೆ ಹೋಗೂದು ಬಿಡಬ್ಯಾಡ್ರಿ.'

ಹೋಗುತ್ತೇನೆ. ಹಾರ ಹಾಕಿಸಿಕೊಂಡು ಬೈದ ನನ್ನನ್ನು ಕೊನೆಯವರೆಗೆ ಕೂತು ಕೇಳಿದ್ದೀರಿ, ಮೈಕು ಕಿತ್ತುಕೊಳ್ಳದೆ ಬಿಟ್ಟಿದ್ದೀರಿ. ಅದಕ್ಕಾಗಿ ವೇದಿಕೆಗೂ, ಎದುರಿನ ನಿಮಗೂ ನಾನು ಕೃತಜ್ಞಳು. ನಮಸ್ಕಾರ.