ತಂಗಿಯ ಕಾರ್ಡಿನಲ್ಲಿ ಅಕ್ಕನ ಇಂಜೆಕ್ಷನ್

ಹೆಬ್ಬೆರಳಿಗೆ ಸೂಜಿ ಚುಚ್ಚಿಕೊಂಡ ದರ್ಜಿ ಆಸ್ಪತ್ರೆಯ ದಾಖಲೆ ಕಿಟಕಿಯ ಮುಂದೆ ಸರದಿ ಕಾಯುತ್ತಾ ಸಿಡಿಮಿಡಿಗೊಂಡಿದ್ದ. ಮುಂದಿದ್ದ ಅಕ್ಕತಂಗಿಯರ ಜಗಳ ಕಿವಿಗೆ ಬಿತ್ತು.

“ಅಕ್ಕಾ, ನಾಳೆ ನನಗೆ ಆಪರೇಷನ್. ಅದಕ್ಕೆ ಮುಂಚೆ ಕೊಡೋ ಇಂಜೆಕ್ಷನ್ ನನಗೆ ಅಲರ್ಜಿ, ಕೊಟ್ರೆ ಉಸಿರೇ ಕಟ್ಟುತ್ತೆ. ನನ್ನ ಫೈಲಲ್ಲಿ ನೋಡಿದ್ರೆ, ಹೋದ ವರ್ಷ ಕೊಟ್ಟಿದ್ದೀವಿ, ಏನೂ ಆಗಿಲ್ಲ ಅಂತಿದೆ!”

“ಅದನ್ನ ತಗೊಂಡಿದ್ದು ನಾನು ಕಣೇ. ಅವತ್ತು ನನ್ನ ಆಸ್ಪತ್ರೆ ಕಾರ್ಡ್ ಮರೆತಿದ್ದೆ, ನಿಂದು ಕೊಟ್ಟೆ.”

“ಇಷ್ಟು ದಿನ ನನ್ನ ಚಪ್ಪಲಿ ಮೆಟ್ಕೊಂಡು ಹೋಗ್ತಿದ್ದೆ. ಈಗ ಹೆಸರೂ ಬೇಕಾಯ್ತಾ?”

ಅಕ್ಕ ಕಿಟಕಿಗೆ ಬಾಯಿಟ್ಟು ಒಳಗಿದ್ದ ಗುಮಾಸ್ತೆಗೆ ಕೂಗಿದಳು: “ಅಮ್ಮಾ, ಆ ಇಂಜೆಕ್ಷನ್ ಚುಚ್ಚಿದ್ದು ನನಗೆ! ಇವಳಿಗೆ ಆಗಲ್ಲ ಅಂತ ದಪ್ಪಕ್ಷರದಲ್ಲಿ ಬರೀರಿ.”

ಗುಮಾಸ್ತೆ ಡಾಕ್ಟರಿಗೆ ಫೋನ್ ಮಾಡಿ, ಫೈಲ್ ತಿದ್ದಿ, ಓದಿ ಹೇಳಿದಳು.

“ನನ್ನ ಕಾರ್ಡ್ ಕೊಡಕ್ಕ ಇತ್ತ,” ಅಂದಳು ತಂಗಿ.

“ತಗೋ. ನಿನ್ನ ಕೈ ಮಾತ್ರ ಬಿಡಲ್ಲ, ಮೆಟ್ಟಿಲು ಜಾರುತ್ತೆ.”

ಬೈದಾಡಿಕೊಳ್ಳುತ್ತಲೇ ಇಬ್ಬರೂ ಇಳಿದು ಹೋದರು.